ಅಕೀತು ಹಬ್ಬ: ಮಣ್ಣಿನ ಫಲಕದಲ್ಲಿ ಇರುವುದೆಷ್ಟು, ನಾವು ಸೇರಿಸಿಕೊಂಡದ್ದೆಷ್ಟು?

ಜೇಡಿಫಲಕ

ಬಾಬಿಲೋನಿನ ಹೊಸವರ್ಷದ ಹಬ್ಬ ಅಕೀತು ಬಗ್ಗೆ ಎಲ್ಲಿ ಓದಿದರೂ ಒಂದೇ ಪಟ್ಟಿ ಸಿಗುತ್ತದೆ. ಮೊದಲ ದಿನ ಇದು, ಎರಡನೇ ದಿನ ಅದು, ಹೀಗೆ ಹನ್ನೆರಡು ದಿನದ ಕಾರ್ಯಕ್ರಮಪಟ್ಟಿ. ಕೊನೆಗೆ "ಸಾವಿರಾರು ವರ್ಷ ಹೀಗೆಯೇ ನಡೆಯಿತು" ಎಂಬ ಒಂದು ಸಾಲು. ಈ ಪಟ್ಟಿಯನ್ನು ಬಿಡಿಸಿ ನೋಡೋಣ ಅಂತ ಈ ಚರ್ಚೆ.

ಪೂಜಾವಿಧಿಯನ್ನು ಹಂತಹಂತವಾಗಿ ಹೇಳುವ ಫಲಕಗಳು ಉಳಿದಿರುವುದು ಮುಖ್ಯವಾಗಿ ವರ್ಷದ ಮೊದಲ ತಿಂಗಳು ನಿಸಾನ್ನುವಿನ (ಮಾರ್ಚ್–ಏಪ್ರಿಲ್) 2ರಿಂದ 5ನೇ ದಿನದವರೆಗೆ ಮಾತ್ರ. ಅವು ಅಲೆಕ್ಸಾಂಡರನ ನಂತರದ ಸೆಲ್ಯೂಕಿಡ್ ಕಾಲದ ಪ್ರತಿಗಳು. 6ನೇ ದಿನದಿಂದ ಮುಂದಿನದ್ದನ್ನು ರಾಜಶಾಸನ, ವೃತ್ತಾಂತ ಫಲಕ, ಬೇರೆ ಊರುಗಳ ವಿಧಿಗಳಿಂದ ಹೆಕ್ಕಿ ಜೋಡಿಸಲಾಗಿದೆ. ಎಂಟನೇ ದಿನ ದೇವತೆಗಳೆಲ್ಲ ಹಣೆಬರಹ ನಿರ್ಣಯಿಸುವ ಪೀಠದಲ್ಲಿ ಸೇರುವುದು, ರಾಜ ಊರಿನ ಮುಖ್ಯ ದೇವ ಮರ್ದುಕನ "ಕೈ ಹಿಡಿದು" ಹೊರಡಿಸುವುದು, ಮೆರವಣಿಗೆ ಇಶ್ತಾರ್ ದ್ವಾರ ದಾಟಿ ದೋಣಿಯಲ್ಲಿ ಊರಾಚೆಯ ಅಕೀತು ಮಂದಿರಕ್ಕೆ ಹೋಗುವುದು, 11ಕ್ಕೆ ಮರಳುವುದು, ಇವೆಲ್ಲ ನಡೆದದ್ದು ನಿಜ. ಆದರೆ ಯಾವ ಗಳಿಗೆಯಲ್ಲಿ ಯಾರು ಏನು ಹಿಡಿದು ಎಲ್ಲಿ ನಿಂತರು ಎಂಬ ಮಟ್ಟದ ವಿವರ ಆ ನಾಲ್ಕು ದಿನಗಳಿಗಷ್ಟೇ ಇದೆ. ಬಾಬಿಲೋನಿನ ಅಕೀತು ಮಂದಿರದ ಅಡಿಪಾಯ ಉತ್ಖನನದಲ್ಲಿ ಸಿಕ್ಕಿಯೇ ಇಲ್ಲ.

ಹಬ್ಬ ಹಳೆಯದು ಎನ್ನುವುದರಲ್ಲಿ ತಕರಾರಿಲ್ಲ. ಕ್ರಿ.ಪೂ. 21ನೇ ಶತಮಾನದ ಊರ್ ನಗರದಲ್ಲೇ ಚಂದ್ರದೇವ ನನ್ನನಿಗೆ ವರ್ಷಕ್ಕೆ ಎರಡು ಅಕೀತು ಇದ್ದವು, ಜವೆಯ (ಬಾರ್ಲಿ) ಕೊಯ್ಲಿಗೊಂದು, ಬಿತ್ತನೆಗೊಂದು. ಅಲ್ಲಿ ಮರ್ದುಕನೂ ಇಲ್ಲ, ಸೃಷ್ಟಿಕಾವ್ಯವೂ ಇಲ್ಲ.

ಬೂದುಗುಂಬಳ

ರಾಜನ ಕಪಾಳಕ್ಕೆ ಹೊಡೆಯುವ ಕಥೆ ಬಿಟ್ಟು ಬೇರೆ ಏನನ್ನೂ ಯಾರೂ ಹೇಳುವುದಿಲ್ಲ ಸರ್. ಅದಕ್ಕೆ ಮುಂಚಿನ ಮೂರು ದಿನ ಅರ್ಚಕರು ಏನು ಮಾಡುತ್ತಿದ್ದರು?

ಜೇಡಿಫಲಕ

ಮುಖ್ಯ ಪಾತ್ರಧಾರಿ ಶೆಶ್‌ಗಲ್ಲು, ಅಂದರೆ ಮರ್ದುಕನ ಎಸಾಗಿಲ್ ದೇವಾಲಯದ ಹಿರಿಯ ಅರ್ಚಕ. 2ನೇ ದಿನ ರಾತ್ರಿ ಮುಗಿಯಲು ಎರಡು ಗಂಟೆ ಇರುವಾಗ ಏಳಬೇಕು. ನದಿಯ ನೀರಿನಲ್ಲಿ ಸ್ನಾನ, ಮರ್ದುಕನ ಮುಂದೆ ನಾರುಬಟ್ಟೆಯ ತೆರೆ ಸರಿಸುವುದು, ಆಮೇಲೆ ಪ್ರಾರ್ಥನೆ. ಈ ಪ್ರಾರ್ಥನೆಗೆ ಫಲಕದಲ್ಲೇ ಷರಾ ಇದೆ: 21 ಸಾಲು, ಎಸಾಗಿಲ್‌ನ ಗುಟ್ಟು, ಹಿರಿಯ ಅರ್ಚಕನ ಹೊರತು ಬೇರೆಯವರಿಗೆ ತೋರಿಸಕೂಡದು. ಅದು ಮುಗಿದ ಮೇಲೆಯೇ ಅವನು ಬಾಗಿಲು ತೆರೆಯುತ್ತಾನೆ. ಆಗ ಗರ್ಭಗುಡಿ ಪ್ರವೇಶದ ಹಕ್ಕಿರುವ ಉಳಿದ ಅರ್ಚಕರು, ಅವರ ಹಿಂದೆ ಶೋಕಗೀತೆ ಹಾಡುವ ಕಲೂಗಳು, ಗಾಯಕರು ಒಳಗೆ ಬರುತ್ತಾರೆ.

ಏಳುವ ಹೊತ್ತು ದಿನದಿನಕ್ಕೂ ಸುಮಾರು 40 ನಿಮಿಷ ಹಿಂದಕ್ಕೆ ಸರಿಯುತ್ತದೆ. 4ನೇ ದಿನಕ್ಕೆ 3 ಗಂಟೆ 20 ನಿಮಿಷ, 5ನೇ ದಿನಕ್ಕೆ ಪೂರಾ 4 ಗಂಟೆ ಬೆಳಗಿನ ಮುಂಚೆ. ಮಾಡಬೇಕಾದ ಕೆಲಸ ಹೆಚ್ಚಿದಂತೆ ಎಚ್ಚರವೂ ಬೇಗ.

3ನೇ ದಿನ ಸೂರ್ಯ ಮೇಲೇರಿದ ಮೇಲೆ ಲೋಹಗಾರನನ್ನೂ ಬಡಗಿಯನ್ನೂ ಅಕ್ಕಸಾಲಿಯನ್ನೂ ಕರೆಸಿ ಎರಡು ಬೊಂಬೆ ಮಾಡಲು ಹೇಳುತ್ತಾರೆ. ಮರ್ದುಕನ ಬೊಕ್ಕಸದಿಂದಲೇ ಚಿನ್ನ, ರತ್ನ. ಬೊಂಬೆಯ ಎತ್ತರ 7 ಬೆರಳು, ನಮ್ಮ ಲೆಕ್ಕದಲ್ಲಿ ಸುಮಾರು 12 ಸೆಂ.ಮೀ. ಒಂದು ದೇವದಾರು ಮರದ್ದು, ಇನ್ನೊಂದು ಟ್ಯಾಮರಿಸ್ಕ್ ಮರದ್ದು. ಒಂದರ ಎಡಗೈಯಲ್ಲಿ ಹಾವು, ಇನ್ನೊಂದರ ಕೈಯಲ್ಲಿ ಚೇಳು. ಮೈಗೆ ಕೆಂಪು ಬಟ್ಟೆ, ನಡುವಿಗೆ ಖರ್ಜೂರದ ಗರಿ. ಕುಶಲಕರ್ಮಿಗಳಿಗೆ ಕೂಲಿಯೂ ನಿಗದಿ: ನೈವೇದ್ಯದ ಕುರಿಯಲ್ಲಿ ಬಾಲದ ಭಾಗ ಲೋಹಗಾರನಿಗೆ, ಎದೆ ಅಕ್ಕಸಾಲಿಗೆ, ತೊಡೆ ಬಡಗಿಗೆ, ಪಕ್ಕೆಲುಬು ನೇಕಾರನಿಗೆ. 6ನೇ ದಿನ ಮರ್ದುಕನ ಮಗ ನಬು ದೇವ ಗುಡಿಗೆ ಬಂದಾಗ ಈ ಬೊಂಬೆಗಳ ತಲೆ ಕಡಿದು ಅವನ ಮುಂದಿನ ಬೆಂಕಿಗೆ ಎಸೆಯುತ್ತಾರೆ.

4ನೇ ದಿನ ದೊಡ್ಡ ಅಂಗಳಕ್ಕೆ ಬಂದು ಉತ್ತರಕ್ಕೆ ಮುಖ ಮಾಡಿ ಎಸಾಗಿಲ್‌ಗೆ ಮೂರು ಸಲ ಹರಸುವುದು. ಸಂಜೆಯ ಎರಡನೇ ನೈವೇದ್ಯ ಮುಗಿದ ನಂತರ ಸೃಷ್ಟಿಕಾವ್ಯ ಎನೂಮ ಎಲಿಶ್ ಅನ್ನು ಮೊದಲಿಂದ ಕೊನೆಯವರೆಗೆ ಮರ್ದುಕನ ಮುಂದೆ ಓದಬೇಕು. ಓದು ನಡೆಯುವಷ್ಟು ಹೊತ್ತು ಅನುವಿನ ಕಿರೀಟದ ಮುಂಭಾಗವನ್ನೂ ಎನ್ಲಿಲನ ಆಸನವನ್ನೂ ಮುಚ್ಚಿಡಬೇಕು. ಹಳೆಯ ಯಜಮಾನ ದೇವರುಗಳ ಎದುರಿಗೇ ಹೊಸ ಯಜಮಾನನ ಹೊಗಳಿಕೆ ಬೇಡ ಎಂಬ ದಾಕ್ಷಿಣ್ಯವಿರಬಹುದು ಅಂತ ನನ್ನ ಊಹೆ. ಫಲಕ ಕಾರಣ ಕೊಡುವುದಿಲ್ಲ.

ಮುಳ್ಳುಗೆರೆ

ಒಂದು ಸೇರ್ಪಡೆ. ಎನೂಮ ಎಲಿಶ್ ಹೊಸವರ್ಷಕ್ಕೆ ಮಾತ್ರ ಮೀಸಲಾಗಿತ್ತು ಎಂದು ಹಳೆಯ ಪುಸ್ತಕಗಳು ಬರೆದವು. ಎಸಾಗಿಲ್‌ನದೇ ಇನ್ನೊಂದು ವಿಧಿಫಲಕದ ಪ್ರಕಾರ ಕಿಸ್ಲಿಮು ತಿಂಗಳ (ನವೆಂಬರ್–ಡಿಸೆಂಬರ್) 4ರಂದೂ ಅದರ ಓದು ಇತ್ತು. ಹಾಗಾಗಿ "ಕಾವ್ಯದ ಕಥೆಯೇ ಹಬ್ಬದ ನಾಟಕ" ಎಂದು ಒಂದಕ್ಕೊಂದು ಗಂಟುಹಾಕುವ ವಾದ ಸಡಿಲವಾಗುತ್ತದೆ. ಮರ್ದುಕ್ ಸತ್ತು ಮತ್ತೆ ಎದ್ದು ಬರುತ್ತಾನೆ ಎಂಬ ಕಥೆಯಂತೂ ಕೈಬಿಟ್ಟು ಬಹಳ ಕಾಲವಾಯಿತು. ಅದಕ್ಕೆ ಆಧಾರ ಮಾಡಿಕೊಂಡಿದ್ದ ಬರಹ ಅಸ್ಸೀರಿಯದವರು ಮರ್ದುಕನನ್ನು ಕೈದಿಯಂತೆ ಚಿತ್ರಿಸಿ ಬರೆದದ್ದು, ಬಾಬಿಲೋನಿನ ಪೂಜಾವಿಧಿಯೇ ಅಲ್ಲ.

ಬೂದುಗುಂಬಳ

ಸರಿ, ಐದನೇ ದಿನಕ್ಕೆ ಬನ್ನಿ.

ಜೇಡಿಫಲಕ

ಐದನೇ ದಿನದಲ್ಲಿ ಮೂರು ಕೆಲಸ ಇವೆ. ಜನ ಎರಡನೆಯದನ್ನೇ ಹೇಳಿ ಮೊದಲನೆಯದನ್ನು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಹೆಚ್ಚು ಅಚ್ಚುಕಟ್ಟಾಗಿ ಬರೆದಿಟ್ಟಿರುವುದು ಮೊದಲನೆಯದೇ: ಗುಡಿಯ ಶುದ್ಧಿ.

ಬೆಳಗಾಗಿ ಎರಡು ಗಂಟೆಯ ಮೇಲೆ, ದೇವರ ಎದುರಿನ ಮೇಜು ಅಣಿಯಾದ ನಂತರ, ಮಂತ್ರವಾದಿ ಅರ್ಚಕ ಮಷ್ಮಷ್ಷುವನ್ನು ಕರೆಯುತ್ತಾರೆ. ಅವನು ಟೈಗ್ರಿಸ್ ತೊಟ್ಟಿಯ ನೀರು, ಯೂಫ್ರೆಟಿಸ್ ತೊಟ್ಟಿಯ ನೀರು ಎರಡನ್ನೂ ಗುಡಿಯಲ್ಲೆಲ್ಲ ಚಿಮುಕಿಸಬೇಕು. ಬಾಬಿಲೋನ್ ಇರುವುದು ಯೂಫ್ರೆಟಿಸ್ ದಂಡೆಯಲ್ಲಿ. ಟೈಗ್ರಿಸ್ ನೀರಿಗೆ ಬೇರೆ ತೊಟ್ಟಿ ಏಕೆಂದರೆ ವಿಧಿಗೆ ಎರಡೂ ಬೇಕು. ಗುಡಿಯೊಳಗೆ ತಾಮ್ರದ ವಾದ್ಯ ಬಾರಿಸಿ ಪಂಜನ್ನೂ ಧೂಪಪಾತ್ರೆಯನ್ನೂ ಸುತ್ತಿಸುತ್ತಾನೆ. ಆದರೆ ಮರ್ದುಕನ ಮತ್ತು ಅವನ ದೇವಿಯ ಗರ್ಭಗುಡಿಗೆ ಕಾಲಿಡುವಂತಿಲ್ಲ.

ಮುಂದೆ ನಬುವಿನ ಕೊಠಡಿ. ಆ ಸಂಜೆ ನಬು ತನ್ನ ಊರಾದ ಪಕ್ಕದ ಬೊರ್ಸಿಪ್ಪದಿಂದ ದೋಣಿಯಲ್ಲಿ ಅತಿಥಿಯಾಗಿ ಬರುವವನಿದ್ದಾನೆ, ಅವನಿಗಾಗಿ ಈ ಶುದ್ಧಿ. ಬಾಗಿಲುಗಳಿಗೆ ದೇವದಾರಿನ ಎಣ್ಣೆ ಬಳಿಯುವುದು, ನಡುವೆ ಬೆಳ್ಳಿಯ ಧೂಪಪಾತ್ರೆಯಲ್ಲಿ ಪರಿಮಳದ್ರವ್ಯ ಮತ್ತು ಜುನಿಪರ್ ಬೆರೆಸಿ ಉರಿಸುವುದು. ಕಟುಕ ಒಂದು ಕುರಿಯ ತಲೆ ಕಡಿಯುತ್ತಾನೆ. ಮಷ್ಮಷ್ಷು ಆ ತಲೆಯಿಲ್ಲದ ದೇಹದಿಂದ ಗುಡಿಯನ್ನು ಒರೆಸುತ್ತಾನೆ. ಮಂತ್ರ ಮುಗಿದ ಮೇಲೆ ದೇಹವನ್ನು ಹೊತ್ತು ನದಿಗೆ ಹೋಗಿ, ಪಶ್ಚಿಮಕ್ಕೆ ಮುಖ ಮಾಡಿ ನೀರಿಗೆ ಎಸೆಯುತ್ತಾನೆ. ಕಟುಕ ತಲೆಯನ್ನೂ ಹಾಗೆಯೇ.

ಅಷ್ಟಕ್ಕೆ ಮುಗಿಯಲಿಲ್ಲ. ಇಬ್ಬರೂ ಊರ ಹೊರಗಿನ ಬಯಲಿಗೆ ಹೋಗಬೇಕು. ನಬು ಬಾಬಿಲೋನಿನಲ್ಲಿ ಇರುವಷ್ಟು ಕಾಲ, 5ರಿಂದ 12ನೇ ದಿನದವರೆಗೆ, ಅವರು ಊರೊಳಗೆ ಬರುವಂತಿಲ್ಲ. ಒರೆಸಿ ತೆಗೆದ ಮೈಲಿಗೆ ಕುರಿಯ ಜೊತೆ ಅವರಿಗೂ ಹತ್ತಿದೆ. ಹಿರಿಯ ಅರ್ಚಕ ಈ ಶುದ್ಧಿಯನ್ನು ಕಣ್ಣಿನಿಂದ ನೋಡಲೂ ಕೂಡದು. ನೋಡಿದರೆ ಅವನು ಶುದ್ಧನಲ್ಲ ಎಂದು ಫಲಕ ಹೇಳುತ್ತದೆ. ಅವನೇ ಮೈಲಿಗೆಯಾದರೆ ಸಂಜೆ ರಾಜನನ್ನು ದೇವರ ಮುಂದೆ ಕರೆದೊಯ್ಯಲು ಜನವಿಲ್ಲ. ಹಬ್ಬ ಕೆಡುವ ಜಾಗ ನಿಜವಾಗಿ ಇಲ್ಲಿದೆ.

ಇದಾದ ನಂತರ ಕುಶಲಕರ್ಮಿಗಳು ಬೊಕ್ಕಸದಿಂದ "ಚಿನ್ನದ ಆಕಾಶ" ಎಂಬ ಮೇಲುಹೊದಿಕೆ ತಂದು ನಬುವಿನ ಕೊಠಡಿಗೆ ಹೊದಿಸುತ್ತಾರೆ. ಚಿನ್ನದ ತಟ್ಟೆಯಲ್ಲಿ ಸುಟ್ಟ ಮಾಂಸ, 12 ರೊಟ್ಟಿ, ಉಪ್ಪು ತುಂಬಿದ ಚಿನ್ನದ ಡಬ್ಬಿ, ಜೇನು ತುಂಬಿದ ಚಿನ್ನದ ಡಬ್ಬಿ ಇಟ್ಟು ಮರ್ದುಕನಿಗೆ ತೋರಿಸಿ, ಅದನ್ನೇ ಕಾಲುವೆಯ ದಂಡೆಗೆ ನಬುವಿನ ಸ್ವಾಗತಕ್ಕೆ ಒಯ್ಯುತ್ತಾರೆ.

ನದಿಪಾತ್ರ

ಕುರಿಯನ್ನು "ಬಲಿ" ಎಂದು ಬರೆಯುವವರಿಗೆ ಒಂದು ಮಾತು. ಅದು ನೈವೇದ್ಯವಲ್ಲ. ಅದರ ಒಂದು ತುಂಡೂ ಯಾವ ದೇವರ ಮೇಜಿಗೂ ಹೋಗುವುದಿಲ್ಲ, ಯಾರೂ ತಿನ್ನುವುದಿಲ್ಲ. ನೈವೇದ್ಯದ ಕುರಿಯ ಲೆಕ್ಕ ಬೇರೆ, ಒರೆಸುವ ಕುರಿಯ ಲೆಕ್ಕ ಬೇರೆ.

ಮುಳ್ಳುಗೆರೆ

ರಾಜನ ಪ್ರಸಂಗ ನಾನು ಹೇಳುತ್ತೇನೆ. ರಾಜ ಎಸಾಗಿಲ್‌ಗೆ ಬಂದು ಕೈ ತೊಳೆದುಕೊಂಡ ಮೇಲೆ ಜೊತೆಗಿದ್ದವರು ಹೊರಗೆ. ಹಿರಿಯ ಅರ್ಚಕ ಅವನಿಂದ ರಾಜದಂಡ, ಉಂಗುರ, ಗದೆ, ಕಿರೀಟ ತೆಗೆದುಕೊಂಡು ಮರ್ದುಕನ ಮುಂದಿನ ಪೀಠದ ಮೇಲಿಡುತ್ತಾನೆ. ಹೊರಗೆ ಬಂದು ಕೆನ್ನೆಗೆ ಹೊಡೆಯುತ್ತಾನೆ. ಒಳಗೆ ಕರೆದೊಯ್ದು, ಕಿವಿ ಹಿಡಿದೆಳೆದು, ಮೊಣಕಾಲೂರಿಸುತ್ತಾನೆ. ರಾಜ ಹೇಳಬೇಕಾದ ಮಾತು ಹೀಗೆ ಸಾಗುತ್ತದೆ: ನಾನು ಪಾಪ ಮಾಡಿಲ್ಲ, ನಿನ್ನ ದೈವತ್ವವನ್ನು ಅಲಕ್ಷಿಸಿಲ್ಲ, ಬಾಬಿಲೋನನ್ನು ಹಾಳುಮಾಡಿಲ್ಲ, ಎಸಾಗಿಲ್‌ನ ವಿಧಿಗಳನ್ನು ಮರೆತಿಲ್ಲ, ರಕ್ಷಣೆ ಪಡೆದ ನಾಗರಿಕರ ಕೆನ್ನೆಗೆ ಹೊಡೆದಿಲ್ಲ.

ಕೊನೆಯ ವಾಕ್ಯ ಗಮನಿಸಿ. ಬಾಬಿಲೋನಿನ ನಾಗರಿಕರಿಗೆ ತೆರಿಗೆ, ಬಿಟ್ಟಿಕೆಲಸಗಳಿಂದ ವಿನಾಯಿತಿ ಇತ್ತು. ಅವರ ಕೆನ್ನೆ ಮುಟ್ಟಿಲ್ಲ ಎಂದು ರಾಜ ಹೇಳುವುದು ತನ್ನ ಕೆನ್ನೆಗೆ ಪೆಟ್ಟು ಬಿದ್ದ ಮೇಲೆ. ಅರ್ಚಕರ ಚಾಣಾಕ್ಷತನಕ್ಕೆ ಶಹಬ್ಬಾಸ್ ಎನ್ನಲೇಬೇಕು.

ಅರ್ಚಕ ಅಭಯ ಕೊಟ್ಟು, ಲಾಂಛನಗಳನ್ನು ಮರಳಿಸಿ, ಮತ್ತೆ ಕೆನ್ನೆಗೆ ಹೊಡೆಯುತ್ತಾನೆ. ಕಣ್ಣೀರು ಬಂದರೆ ಮರ್ದುಕ್ ಪ್ರಸನ್ನ. ಬಾರದಿದ್ದರೆ ಮುನಿದಿದ್ದಾನೆ, ಶತ್ರು ಎದ್ದು ರಾಜನನ್ನು ಬೀಳಿಸುತ್ತಾನೆ. ಹಗುರವಾಗಿ ತಟ್ಟಿದರೆ ಆಗುವ ಕೆಲಸವಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ.

ಆದರೆ ಎಚ್ಚರಿಕೆ: ಈ ದೃಶ್ಯ ಇರುವುದು ಆ ತಡವಾದ ಫಲಕದಲ್ಲಿ ಮಾತ್ರ. ಹಮ್ಮುರಾಬಿಗೋ ನೆಬುಕದ್‌ನೆಜ್ಜರನಿಗೋ ಹೀಗೆ ಪೆಟ್ಟು ಬಿತ್ತೆಂದು ಹೇಳುವ ಸಮಕಾಲೀನ ಬರಹ ಇಲ್ಲ. ಪರಕೀಯ ದೊರೆಗಳ ಆಳ್ವಿಕೆಯಲ್ಲಿ ಅರ್ಚಕರು ರೂಪಿಸಿಕೊಂಡ ಆದರ್ಶವೇ ಇದು ಎನ್ನುವ ವಿದ್ವಾಂಸರಿದ್ದಾರೆ. ಹಳೆಯ ಪದ್ಧತಿಯ ಪ್ರತಿಯೇ ಇರಬೇಕು ಎನ್ನುವವರೂ ಇದ್ದಾರೆ. ನನಗೆ ಮೊದಲ ವಾದ ಹೆಚ್ಚು ಒಪ್ಪಿಗೆ. "ನಾನು ಬಾಬಿಲೋನನ್ನು ಹಾಳುಮಾಡಿಲ್ಲ" ಎಂಬ ಪ್ರಮಾಣ ಊರನ್ನು ಹಾಳುಮಾಡಬಲ್ಲ ಹೊರಗಿನ ದೊರೆಗೆ ಒಪ್ಪುವಂಥದ್ದು.

ಜೇಡಿಫಲಕ

ನಿಮ್ಮ ವಾದಕ್ಕೆ ಒಂದು ತೊಡಕು ಇದೆ. ಬಾಬಿಲೋನನ್ನು ಕ್ರಿ.ಪೂ. 689ರಲ್ಲಿ ಹಾಳುಮಾಡಿದ್ದು ಅಸ್ಸೀರಿಯದ ಸೆನ್ನಾಖೆರಿಬ್. ಆ ನೆನಪಿಗೆ ಸೆಲ್ಯೂಕಿಡ್ ಕಾಲದವರೆಗೆ ಕಾಯಬೇಕಾಗಿಲ್ಲ, ಏಳನೇ ಶತಮಾನದಲ್ಲೇ ಈ ಪ್ರಮಾಣ ಹುಟ್ಟಬಹುದಿತ್ತು. ಇರಲಿ, ಮೂರನೇ ಕೆಲಸ ಹೇಳಿ ಮುಗಿಸುತ್ತೇನೆ. ಸೂರ್ಯಾಸ್ತಕ್ಕೆ 40 ಜೊಂಡುಕಡ್ಡಿ, ಒಂದೊಂದೂ 3 ಮೊಳ (ಸುಮಾರು ಒಂದೂವರೆ ಮೀಟರ್), ಕತ್ತರಿಸದ, ಮುರಿಯದ, ನೆಟ್ಟಗಿರುವಂಥವು. ಖರ್ಜೂರದ ಗರಿಯಿಂದ ಕಟ್ಟು. ದೊಡ್ಡ ಅಂಗಳದಲ್ಲಿ ಗುಂಡಿ ತೋಡಿ ಕಟ್ಟನ್ನು ಅದರಲ್ಲಿಟ್ಟು, ಜೇನು, ತುಪ್ಪ, ಉತ್ತಮ ಎಣ್ಣೆ ಸುರಿದು, ಬಿಳಿ ಹೋರಿಯೊಂದನ್ನು ಮುಂದೆ ನಿಲ್ಲಿಸುತ್ತಾರೆ. ರಾಜ ಜೊಂಡಿನ ಕೊಳ್ಳಿಯಿಂದ ಬೆಂಕಿ ಹಚ್ಚುತ್ತಾನೆ. ಅಲ್ಲಿಗೆ ಫಲಕ ಮುರಿದಿದೆ.

ಅಡುಗೆಮನೆ

ಹಬ್ಬದ ದಿನಗಳು ಹನ್ನೊಂದೋ ಹನ್ನೆರಡೋ. ಉಳಿದ ದಿನಗಳಲ್ಲೂ ದೇವರಿಗೆ ಊಟ ಇತ್ತಲ್ಲ. ಅದರ ಲೆಕ್ಕ ಉರುಕ್ ನಗರದ ಒಂದು ಫಲಕದಲ್ಲಿದೆ, ಸೆಲ್ಯೂಕಿಡ್ ಕಾಲದ್ದೇ. ಆ ಫಲಕದ ಕೊನೆಯ ಟಿಪ್ಪಣಿ ಹೇಳುವಂತೆ ಮೂಲ ಫಲಕಗಳನ್ನು ರಾಜ ನಬೊಪೊಲಸ್ಸರ್ ಉರುಕ್‌ನಿಂದ ಹೊತ್ತೊಯ್ದಿದ್ದ. ಕಿದಿನ್-ಅನು ಎಂಬ ಉರುಕ್‌ನ ಅರ್ಚಕ ಅವನ್ನು ಈಲಾಮಿನಲ್ಲಿ (ಈಗಿನ ಇರಾನಿನ ನೈರುತ್ಯ ಭಾಗ) ಕಂಡು, ನಕಲು ಮಾಡಿಕೊಂಡು ಊರಿಗೆ ತಂದ.

ದಿನಕ್ಕೆ ನಾಲ್ಕು ಹೊತ್ತು: ಬೆಳಗಿನ ದೊಡ್ಡ ಊಟ, ಬೆಳಗಿನ ಎರಡನೇ ಊಟ, ಸಂಜೆಯ ದೊಡ್ಡದು, ಸಂಜೆಯ ಎರಡನೆಯದು. ಹಿಟ್ಟು ದಿನಕ್ಕೆ 648 ಕಾ (ಒಂದು ಕಾ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್). ಇದರಲ್ಲಿ 486 ಜವೆಯ ಹಿಟ್ಟು, 162 ಎಮ್ಮರ್ ಗೋಧಿಯ ಹಿಟ್ಟು. ನಮ್ಮ ಬೆಳಗಾವಿ ಕಡೆ ಖಪ್ಲಿ ಎಂದು ಬೆಳೆಯುವುದು ಇದೇ ಎಮ್ಮರ್. ಎರಡನ್ನೂ ಬೆರೆಸಿ 243 ರೊಟ್ಟಿ. ಆಕಾಶದೇವ ಅನುವಿನ ಮೇಜಿಗೆ 30: ಬೆಳಗಿನ ಎರಡು ಊಟಕ್ಕೆ ಎಂಟೆಂಟು, ಸಂಜೆಯ ಎರಡಕ್ಕೆ ಏಳೇಳು. ಅನುವಿನ ಹೆಂಡತಿ ಅಂತು, ಇಶ್ತಾರ್, ನನಯಾ ಈ ದೇವಿಯರಿಗೂ 30ರಂತೆ. ಉಳಿದದ್ದು ಪರಿವಾರ ದೇವತೆಗಳಿಗೆ, ದೇವರ ಆಸನಕ್ಕೆ, ಅನುವಿನ ಕಿರೀಟಗಳಿಗೆ ಕೂಡ. ಹೌದು, ಕಿರೀಟಕ್ಕೂ ರೊಟ್ಟಿ ಇತ್ತು.

ಅಮೃತಶಿಲೆಯ ಪಾತ್ರೆಯಲ್ಲಿ ಹಾಲು ಬೆಳಗಿನ ಊಟಗಳಿಗೆ ಮಾತ್ರ, ಸಂಜೆ ಇಲ್ಲ. ಮಾಂಸದ ಲೆಕ್ಕ ದಿನಕ್ಕೆ 50 ಟಗರು. ಅದರಲ್ಲಿ 21 ಉತ್ತಮ ದರ್ಜೆಯವು, ಎರಡು ವರ್ಷ ಜವೆ ತಿನ್ನಿಸಿ ಕೊಬ್ಬಿಸಿದವು. 4 ಹಾಲು ಕುಡಿಸಿ ಬೆಳೆಸಿದವು. 25 ಜವೆ ತಿನ್ನದ ಎರಡನೇ ದರ್ಜೆಯವು. ಜೊತೆಗೆ 2 ದೊಡ್ಡ ಹೋರಿ, 1 ಹಾಲುಗರು, 8 ಕುರಿಮರಿ, ಬಾತು ಮುಂತಾದ ಹಕ್ಕಿಗಳು, 3 ಉಷ್ಟ್ರಪಕ್ಷಿಯ ಮೊಟ್ಟೆ.

ಬೀಸುವವನು ಬೀಸುವಾಗ, ನಾದುವವನು ನಾದುವಾಗ, ಕಟುಕ ಕಡಿಯುವಾಗ ಬೇರೆಬೇರೆ ಮಂತ್ರ ಹೇಳಬೇಕು. ಕೆಡುವ ಜಾಗಗಳನ್ನೂ ಬರೆದಿಟ್ಟಿದ್ದಾರೆ: ಸೂರ್ಯದೇವ ಶಮಾಶನ ಗುಡಿಯಲ್ಲಿ ಶಕ್ಕನ್ ದೇವನಿಗೆ ಟಗರಿನ ಮಾಂಸ ಇಡಬಾರದು (ಅವನು ಪಶುಗಳ ಒಡೆಯ). ಬೇಲೆತ್-ಸೇರಿ ದೇವಿಗೆ ಹಕ್ಕಿಯ ಮಾಂಸ ನಿಷಿದ್ಧ. ಪಾತಾಳದ ರಾಣಿ ಎರೆಶ್ಕಿಗಲ್‌ಗೆ ದನದ್ದೂ ಇಲ್ಲ, ಹಕ್ಕಿಯದೂ ಇಲ್ಲ.

ಬೂದುಗುಂಬಳ

ಇಷ್ಟೊಂದು ಅಡುಗೆ! ಹಾಗಾದರೆ ಭಕ್ತರಿಗೆಲ್ಲ ಪ್ರಸಾದ ಸಿಗುತ್ತಿತ್ತು ಅನ್ನಿ.

ಅಡುಗೆಮನೆ

ಇಲ್ಲ. ನಮ್ಮ ದೇವಸ್ಥಾನಗಳ ಅನ್ನಸಂತರ್ಪಣೆಯನ್ನು ಅಲ್ಲಿಗೆ ಒಯ್ಯಬೇಡಿ. ದೇವರ ಮುಂದಿನಿಂದ ಎತ್ತಿದ್ದು ರಾಜನಿಗೆ ಮತ್ತು ಇಸ್ಕು ಎಂಬ ಹಕ್ಕು ಇದ್ದವರಿಗೆ ಹೋಗುತ್ತಿತ್ತು. ಇಸ್ಕು ಎಂದರೆ ಇಂತಿಷ್ಟು ದಿನ ದೇವರಿಗೆ ರೊಟ್ಟಿ ಸುಡುವ, ಬಿಯರ್ ಮಾಡುವ ಅಥವಾ ಮಾಂಸ ಕಡಿಯುವ ಕರ್ತವ್ಯ ಮತ್ತು ಅದಕ್ಕೆ ಸಿಗುವ ಪಾಲು. ಅಪ್ಪನಿಂದ ಮಗನಿಗೆ ಬರುತ್ತಿತ್ತು. ಅಣ್ಣತಮ್ಮಂದಿರಲ್ಲಿ ಪಾಲಾಗಿ ಒಂದು ದಿನದ ಭಿನ್ನಾಂಶಕ್ಕೂ ಇಳಿಯುತ್ತಿತ್ತು. ಮಾರಾಟಪತ್ರ ಬರೆದು ಮಾರಬಹುದಿತ್ತು. ಸಾಮಾನ್ಯ ಜನರಿಗೆ ಗುಡಿಯ ಒಳಗೆ ಪ್ರವೇಶವೇ ಇರಲಿಲ್ಲ. ಅವರು ದೇವರನ್ನು ಕಾಣುತ್ತಿದ್ದದ್ದು ಮೆರವಣಿಗೆಯ ಬೀದಿಯಲ್ಲಿ.

ಮುಳ್ಳುಗೆರೆ

ಕಲೂಗಳ ಪ್ರಸ್ತಾಪ ಬಂದಿತ್ತಲ್ಲ, ಅವರ ಲಿಲಿಸ್ಸು ನಗಾರಿಯ ಬಗ್ಗೆ ಚುಟುಕಾಗಿ. ಚಂದ್ರಗ್ರಹಣದಲ್ಲೂ ಬಾರಿಸುತ್ತಿದ್ದ ಕಂಚಿನ ನಗಾರಿ ಇದು. ಚರ್ಮ ಹೊದಿಸುವುದೇ ಒಂದು ದೊಡ್ಡ ವಿಧಿ. ಹೋರಿ ಕಪ್ಪಾಗಿರಬೇಕು, ಕೊಂಬು–ಗೊರಸು ಊನವಿರಬಾರದು. ಕೋಲಿನ ಪೆಟ್ಟು ಅಥವಾ ಮುಳ್ಳುಗೋಲಿನ ತಿವಿತ ಬಿದ್ದಿದ್ದರೆ ಆಗದು, ಬಿಳಿ ಕೂದಲಿನ ಗುಚ್ಛಗಳಿದ್ದರೂ ಆಗದು. ಕಡಿಯುವ ಮುನ್ನ ಜೊಂಡಿನ ಕೊಳವೆಯಿಂದ ಅದರ ಬಲಗಿವಿಗೊಂದು, ಎಡಗಿವಿಗೊಂದು ಮಂತ್ರ ಪಿಸುಗುಟ್ಟುತ್ತಾರೆ. ಹೃದಯವನ್ನು ನಗಾರಿಯ ಮುಂದೆ ಸುಡುತ್ತಾರೆ. ಚರ್ಮವನ್ನು ಹಿಟ್ಟು, ನೀರು, ಬಿಯರ್, ದ್ರಾಕ್ಷಾರಸದಲ್ಲಿ ನೆನೆಸಿ, ಕೊಬ್ಬು ಸವರಿ, ಹಿಟ್ಟೈಟ್ ನಾಡಿನ ಪಟಿಕ ಮತ್ತು ಗಾಲ್ ಕಾಯಿಯಿಂದ ಹದಮಾಡುತ್ತಾರೆ. ಉಳಿದ ದೇಹವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಹೂಳುವುದು. ಹಿರಿಯ ಕಲೂ ಅದರ ಮಾಂಸ ತಿನ್ನುವಂತಿಲ್ಲ.

ನದಿಪಾತ್ರ

ಹಬ್ಬ ತಪ್ಪಿದ ವರ್ಷಗಳ ದಾಖಲೆಯೂ ಇದೆ. ಸೆನ್ನಾಖೆರಿಬನ ಕೊನೆಯ 8 ವರ್ಷ, ಮಗ ಎಸರ್‌ಹದ್ದೋನನ 12 ವರ್ಷ, ಒಟ್ಟು 20 ವರ್ಷ ಮರ್ದುಕ್ (ಅಂದರೆ ಅವನ ವಿಗ್ರಹ) ಅಸ್ಸೀರಿಯದ ಅಸ್ಸೂರ್ ನಗರದಲ್ಲಿದ್ದ, ಅಕೀತು ನಡೆಯಲಿಲ್ಲ ಎಂದು ವೃತ್ತಾಂತ ಬರೆಯುತ್ತದೆ. ಬಾಬಿಲೋನಿನ ಕೊನೆಯ ರಾಜ ನಬೊನಿದಸ್ ಅರೇಬಿಯದ ತೈಮಾದಲ್ಲಿ ಕೂತಿದ್ದಾಗಲೂ ಅದೇ. ಅವನ ಆಳ್ವಿಕೆಯ 7, 9, 10, 11ನೇ ವರ್ಷಗಳ ಕೆಳಗೆ ಹೆಚ್ಚುಕಡಿಮೆ ಒಂದೇ ಮಾತು: ರಾಜ ಬಾಬಿಲೋನಿಗೆ ಬರಲಿಲ್ಲ, ನಬು ಬರಲಿಲ್ಲ, ಮರ್ದುಕ್ ಹೊರಡಲಿಲ್ಲ.

ಆದರೆ ನಬೊನಿದಸನ ಕಾಲದ ಅದೇ ವೃತ್ತಾಂತ ಎಸಾಗಿಲ್ ಮತ್ತು ನಬುವಿನ ಎಜಿದಾ ಗುಡಿಗಳಲ್ಲಿ ನೈವೇದ್ಯ ಎಂದಿನಂತೆ ಸಂದಿತು ಎಂದೂ ಹೇಳುತ್ತದೆ. ಅಡುಗೆಮನೆಯವರು ಹೇಳಿದ ನಾಲ್ಕು ಹೊತ್ತಿನ ಊಟಕ್ಕೆ ರಾಜ ಬೇಕಿಲ್ಲ, ಮೆರವಣಿಗೆಗೆ ಬೇಕು. "ರಾಜ ಇಲ್ಲದೆ ಪೂಜೆಯೇ ನಿಂತಿತು" ಎಂದು ಬರೆಯುವವರು ಈ ಸಾಲನ್ನು ಓದಿಲ್ಲ.

ಬೂದುಗುಂಬಳ

ಕೊನೆಯ ಪ್ರಶ್ನೆ. ನಿಸಾನ್ನು 1 ಮತ್ತು ನಮ್ಮ ಯುಗಾದಿ ಒಂದೇ ದಿನ ಬರುತ್ತಿತ್ತೇ?

ತಿಥಿವಾರ

ಹತ್ತಿರ ಬರಬಹುದು, ಒಂದೇ ಅಲ್ಲ. ಎರಡೂ ಚಾಂದ್ರಮಾನವನ್ನು ಸೌರವರ್ಷಕ್ಕೆ ಹೊಂದಿಸಿದ ಪಂಚಾಂಗಗಳು, ಎರಡಕ್ಕೂ ಅಧಿಕಮಾಸ ಬೇಕು. ಯುಗಾದಿ ಚೈತ್ರ ಶುದ್ಧ ಪಾಡ್ಯಕ್ಕೆ, ಅಂದರೆ ಅಮಾವಾಸ್ಯೆಯ ಲೆಕ್ಕದ ಮೇಲೆ. ಬಾಬಿಲೋನಿನಲ್ಲಿ ತಿಂಗಳು ಶುರುವಾಗುವುದು ಸಂಜೆ ಪಶ್ಚಿಮದಲ್ಲಿ ಎಳೆ ಚಂದ್ರ ಕಂಡ ಮೇಲೆ. ಹಾಗಾಗಿ ಸಾಮಾನ್ಯವಾಗಿ ಅಮಾವಾಸ್ಯೆಯಿಂದ ಒಂದೆರಡು ದಿನ ಕಳೆದಿರುತ್ತದೆ. ಹೋಲಿಕೆ ಇದೆ ಎಂದು ಒಂದರಿಂದ ಇನ್ನೊಂದು ಹುಟ್ಟಿತು ಎನ್ನಬೇಡಿ.

ಹನ್ನೆರಡು ಚಾಂದ್ರಮಾಸ ಸೌರವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಮೂರು ವರ್ಷ ಸುಮ್ಮನಿದ್ದರೆ ಒಂದು ತಿಂಗಳಿಗೂ ಹೆಚ್ಚು ಜಾರಿ, ಕೊಯ್ಲಿನ ತಿಂಗಳು ಬಂದರೂ ಜವೆ ಹಸಿರಾಗಿಯೇ ಇರುತ್ತದೆ. ಮೊದಲು ಅಧಿಕಮಾಸವನ್ನು ರಾಜ ಘೋಷಿಸುತ್ತಿದ್ದ. ಹಮ್ಮುರಾಬಿಯ ಪತ್ರವೊಂದಿದೆ: ಬರುವ ತಿಂಗಳನ್ನು ಎರಡನೇ ಉಲೂಲು (ಉಲೂಲು ಆರನೇ ತಿಂಗಳು) ಎಂದು ದಾಖಲಿಸಿ, ಆದರೆ ಏಳನೇ ತಿಂಗಳಾದ ತಶ್ರೀತು 25ಕ್ಕೆ ಬರಬೇಕಾದ ತೆರಿಗೆ ಎರಡನೇ ಉಲೂಲು 25ಕ್ಕೇ ಬಾಬಿಲೋನ್ ತಲುಪಲಿ. ತಿಂಗಳು ಮುಂದೆ ಹೋದರೂ ತೆರಿಗೆ ಮುಂದೆ ಹೋಗಲಿಲ್ಲ! ಆಮೇಲೆ 19 ವರ್ಷಕ್ಕೆ 7 ಅಧಿಕಮಾಸ ಎಂಬ ಚಕ್ರ ನೆಲೆಗೊಂಡಿತು. ಆರು ಸಲ ಎರಡನೇ ಅದ್ದಾರು (ಅದ್ದಾರು ಹನ್ನೆರಡನೇ ತಿಂಗಳು), ಒಂದು ಸಲ ಎರಡನೇ ಉಲೂಲು.

ಇನ್ನೊಂದು, ಮೇಲಿನ ವೇಳಾಪಟ್ಟಿ ಓದುವಾಗ ಬೇಕಾದದ್ದು. ಅವರ ದಿನ ಸೂರ್ಯಾಸ್ತಕ್ಕೆ ಆರಂಭ. "5ನೇ ದಿನ ರಾತ್ರಿ ನಾಲ್ಕು ಗಂಟೆ ಉಳಿದಿರುವಾಗ" ಎಂದರೆ ಐದರ ಹಗಲಿಗೆ ಮುಂಚಿನ ರಾತ್ರಿ, ಹಗಲಾದ ಮೇಲಿನ ರಾತ್ರಿಯಲ್ಲ. ಸಂಜೆಯ ಜೊಂಡಿನ ಬೆಂಕಿಯನ್ನು ಐದರ ಕೊನೆಗೆ ಹಾಕಬೇಕೋ ಆರರ ಮೊದಲಿಗೋ ಎಂಬ ಗೊಂದಲ ಹುಟ್ಟುವುದೂ ಇಲ್ಲೇ. ಫಲಕ ಅದನ್ನು ಐದರ ಕೆಲಸಗಳ ಜೊತೆಗೇ ಬರೆದಿದೆ. ನಮ್ಮ ಪಟ್ಟಿಯಲ್ಲೂ ಅಲ್ಲೇ ಇರಲಿ.